ಮೊಮ್ಮಗಳ ಕಾಲ್ಗುಣಕ್ಕೆ ಬಿದ್ದ ಸರ್ವರ್

ಆಗ ನನ್ನ ಮೊಮ್ಮಗಳ ಪಾದ ಎಳೆಯ ಬೆಂಡೆಕಾಯಿಗಿಂತ ದೊಡ್ಡದಿರಲಿಲ್ಲ. ಆ ಪಾದದ ಗುಣದಿಂದ ಒಂದು ಸಕ್ಕರೆ ಕಾರ್ಖಾನೆಯ ಸರ್ವರ್ ದಿನವೂ ಬೀಳುತ್ತಿದೆ ಎಂದು, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟ ಗಂಡಸರು ಕುರ್ಚಿಯ ಮೇಲೆ ಕೂತು ತೀರ್ಮಾನ ಮಾಡಿದರು. ಕೂಸು ಇನ್ನೂ ಬೋರಲು ಬಿದ್ದಿರಲಿಲ್ಲ. ನೆಲಕ್ಕೆ ತಾಗದ ಕಾಲಿಗೆ ಗುಣ ಎಲ್ಲಿಂದ ಬಂತು ಎಂದು ಒಬ್ಬನಾದರೂ ಕೇಳಬೇಕಲ್ಲ? ಕೇಳಲಿಲ್ಲ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವನು. ಅವರನ್ನು ನೋಡಿದ ಮೇಲೆ, ಬಿಟ್ಟದ್ದು ಒಳ್ಳೆಯದೇ ಆಯಿತು ಅಂದುಕೊಂಡೆ.

ಮೊದಲು ನನ್ನ ಸಂತೋಷದ ಮಾತು ಹೇಳಿ ಮುಗಿಸುತ್ತೇನೆ. ಅದು ಮುಗಿಯುವಂಥದ್ದಲ್ಲ, ಆ ಮಾತು ಬೇರೆ. ಮಗಳ ಚೊಚ್ಚಲ ಹೆರಿಗೆ, ಅದಕ್ಕೆ ನಮ್ಮ ಮನೆಗೆ ಬಂದಿದ್ದಳು. ಅಳಿಯ ಅಥಣಿಯಲ್ಲಿ ನೌಕರಿ ಮಾಡುತ್ತಿದ್ದ. ದವಾಖಾನೆಯ ನರ್ಸಮ್ಮ ಹೊರಗೆ ಬಂದು, ಯಾರೋ ತೀರಿಕೊಂಡ ಸುದ್ದಿ ಹೇಳುವವಳ ಹಾಗೆ ದನಿ ತಗ್ಗಿಸಿ, "ಹೆಣ್ಣ ಐತ್ರಿ" ಅಂದಳು. ನಾನು ಇಡೀ ಓಣಿಗೆ ಕೇಳುವ ಹಾಗೆ "ಹೆಣ್ಣು! ಹೆಣ್ಣು!" ಎಂದು ಕೂಗಿ, ಪೇಢೆ ತರಲು ಅಂಗಡಿಗೆ ಓಡಿದೆ. ಅಂಗಡಿಯವನು "ಗಂಡೇನ ಕಾಕಾ?" ಅಂದ. "ಹೆಣ್ಣಿಗೆ ನೀ ಪೇಢೆ ಮಾರಂಗಿಲ್ಲೇನ?" ಅಂದೆ. ಅವನ ಮುಖ ನೋಡಬೇಕಿತ್ತು. ನನಗೆ ಪ್ರಾಯ ಬಂದಾಗಲೂ ಇಷ್ಟು ಹುರುಪು ಬಂದಿರಲಿಲ್ಲ. ಕೂಸಿನ ಎರಡೂ ಕೆನ್ನೆ ನನ್ನ ಒಂದು ಅಂಗೈಯಲ್ಲಿ ಹಿಡಿಸುತ್ತಿದ್ದವು. ಅದು ಆಕಳಿಸಿದರೆ ನಾನು ಎಲ್ಲ ಕೆಲಸ ಬಿಟ್ಟು ನೋಡುತ್ತಿದ್ದೆ.

ಮಗಳು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ನಾವು ಷೇರು ಇಟ್ಟಿದ್ದ ಕಾರ್ಖಾನೆಯಲ್ಲೇ ಅವಳಿಗೆ ಕಂಪ್ಯೂಟರ್ ಕೋಣೆಯ ಕೆಲಸ ಸಿಕ್ಕಿತ್ತು. ಕೆಲಸ ಹಂಗಾಮಿ, ಈ ಹಂಗಾಮು ನೆಟ್ಟಗೆ ನಡೆಸಿದರೆ ಕಾಯಂ ಎಂದು ಚೇರಮನ್‌ರು ಮಾತು ಕೊಟ್ಟಿದ್ದರು. ಕಬ್ಬು ನುರಿಸಲು ಶುರುವಾದ ಮೇಲೆ ಬಾಣಂತಿಗಾಗಿ ಯಾರು ಕಾಯುತ್ತಾರೆ? ಹಿರಿಯರು ಬೇಡ ಬೇಡ ಅಂದರೂ ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸಕ್ಕೆ ಹೊರಟಳು. ಹೋಗದಿದ್ದರೆ ಆ ಕುರ್ಚಿಗೆ ಆಗಲೇ ಒಬ್ಬ ತಯಾರಾಗಿ ನಿಂತಿದ್ದ. ಅವನು ಹೆಡ್ ಕ್ಲಾರ್ಕನ ಹೆಂಡತಿಯ ತಮ್ಮ. ದಿನವೂ ಬಂದು ಆಫೀಸಿನ ಮುಂದಿನ ಕಟ್ಟೆಯ ಮೇಲೆ ಕೂತು ಬಾಚಣಿಗೆಯಿಂದ ಕೂದಲು ತಿದ್ದಿಕೊಳ್ಳುವುದಷ್ಟೇ ಅವನ ಉದ್ಯೋಗ.

ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಕೂಸನ್ನು ಮಧ್ಯಾಹ್ನ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಅವ್ವನ ಹತ್ತಿರ ಒಯ್ದು ಹಾಲು ಕುಡಿಸಿಕೊಂಡು ಬರಬೇಕು. ಅದನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ನನ್ನ ಹೆಂಡತಿ ಎಮ್ಮೆ ಹಿಂಡುತ್ತ, "ಊರ ಗಂಡಸರು ಬ್ಯಾಸಾಯ ಮಾಡ್ತಾರ, ನಮ್ಮ ಮನಿಯಾವ್ರು ಬಾಣಂತನ ಮಾಡಾಕತ್ತಾರ" ಎಂದು ಎಮ್ಮೆಗೆ ಹೇಳುತ್ತಿದ್ದಳು. ಕೂಸಿಗೆ ಕುಂಚಿಗೆ ಕಟ್ಟಿ, ನನ್ನ ಧೋತರದ ಮಡಿಕೆಯಲ್ಲಿ ಸುತ್ತಿಕೊಂಡು ಕಬ್ಬಿನ ಗಾಡಿಗಳ ಸಾಲಿನ ಪಕ್ಕ ನಡೆದರೆ, ಗಾಡಿ ಹೊಡೆಯುವವರು ಸುಮ್ಮನೆ ಇರುತ್ತಿರಲಿಲ್ಲ.

"ಏನ ಕಾಕಾ, ಹಡದಾವ ನೀನ ಏನ?"

"ಹೌದಲೇ. ನಿನಗ್ಯಾಕ ಹೊಟ್ಟಿಕಿಚ್ಚು?"

ಈಗ ಸರ್ವರ್‌ನ ಮಾತು. ತಣ್ಣಗಿನ ಕೋಣೆಯಲ್ಲಿ, ಗಾಜಿನ ಬಾಗಿಲ ಹಿಂದೆ ಒಂದು ದೊಡ್ಡ ಪೆಟ್ಟಿಗೆ. ಕಬ್ಬಿನ ಗಾಡಿ ತೂಗುವ ಜಾಗಕ್ಕೆ ನಾವು ಕಾಟಾ ಅನ್ನುತ್ತೇವೆ. ಆ ಕಾಟಾದ ಹತ್ತಿರದ ಕಂಪ್ಯೂಟರೂ, ಆಫೀಸಿನ ಕಂಪ್ಯೂಟರುಗಳೂ ತಂತಿಯಿಂದ ಆ ಪೆಟ್ಟಿಗೆಗೇ ಜೋಡಣೆಯಾಗಿದ್ದವು. ಯಾರ ಗಾಡಿ, ಎಷ್ಟು ತೂಕ, ಎಲ್ಲ ಅದರ ಹೊಟ್ಟೆಗೆ ಹೋಗಬೇಕು. ಕೈಯಿಂದ ಬರೆಯುವ ಚೀಟಿಯನ್ನು ಹಿಂದಿನ ವರ್ಷವೇ ಬಂದ್ ಮಾಡಿದ್ದರು. ಹೀಗಾಗಿ ಆ ಪೆಟ್ಟಿಗೆ ಕೂತಿತೆಂದರೆ ಕಾಟಾ ಕೂತಿತು, ಕಾಟಾ ಕೂತರೆ ಗಾಡಿಗಳ ಸಾಲು ರಸ್ತೆಗೆ ಬಂತು. ಕೊಯ್ದ ಕಬ್ಬು ಕರೆದ ಹಾಲಿದ್ದ ಹಾಗೆ, ಬಿಸಿಲಿಗೆ ಇಟ್ಟರೆ ನಮ್ಮದಲ್ಲ. ಎತ್ತುಗಳು ನೊಗದಲ್ಲೇ ನಿಂತು ಬಾಯಲ್ಲಿ ನೊರೆ ಬಿಡುತ್ತಿದ್ದವು. ರೈತರು ಬಾಯಲ್ಲಿ ಬೈಗುಳ ಬಿಡುತ್ತಿದ್ದರು.

ಅದು ಬೀಳುತ್ತಿದ್ದದ್ದು ದಿನವೂ ನಾಲ್ಕರ ಭೋಂಗಾ ಕೂಗಿ ಪಾಳಿ ಬದಲಾಗುವ ಹೊತ್ತಿಗೆ. ತೆರೆ ಪೂರ್ತಿ ನೀಲಿ ಆಗಿ, ಅದರ ಮೇಲೆ ಬಿಳಿ ಅಕ್ಷರ ಮೂಡಿ ಹಾಗೇ ನಿಂತುಬಿಡುತ್ತಿತ್ತು. ಬಂದ್ ಮಾಡಿ ಮತ್ತೆ ಎಬ್ಬಿಸಿದರೆ, ತನ್ನ ಹೊಟ್ಟೆಯನ್ನೆಲ್ಲ ತಾನೇ ತಡವಿ ನೋಡಿಕೊಂಡು ಏಳುವಷ್ಟರಲ್ಲಿ ಸೂರ್ಯ ಮುಳುಗುತ್ತಿದ್ದ.

ನಾನು ಕೂಸನ್ನು ಕರೆದುಕೊಂಡು ಗೇಟಿನೊಳಗೆ ಬರುವುದೂ ಅದೇ ಹೊತ್ತಿಗೆ. ಮಗಳು ಆಗ ಒಂದು ಕೆಲಸ ಹಚ್ಚಿ ಹೊರಗೆ ಬರುತ್ತಿದ್ದಳು. ಅವತ್ತಿನ ತೂಕವನ್ನೆಲ್ಲ ಒಂದು ಟೇಪಿನ ಮೇಲೆ ಪ್ರತಿ ತೆಗೆಯುವ ಕೆಲಸ. ಹಾಡಿನ ಕ್ಯಾಸೆಟ್ಟಿನಂಥದೇ ಟೇಪು. ಅದು ತನ್ನಷ್ಟಕ್ಕೆ ತಿರುಗುತ್ತದೆ, ಯಾರೂ ಕಾಯಬೇಕಿಲ್ಲ. ಆ ಸಮಯದಲ್ಲಿ ಅವಳು ಪ್ರಥಮೋಪಚಾರದ ಕೋಣೆಯಲ್ಲಿ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೂಸು ಚಪ್ಪರಿಸಲು ಶುರು ಮಾಡಿದ್ದೇ ತಡ, ಆಚೆ ಕಡೆಯಿಂದ "ಬಿತ್ತು! ಬಿತ್ತು!" ಎಂದು ಬೊಬ್ಬೆ ಏಳುತ್ತಿತ್ತು.

ಹೆಡ್ ಕ್ಲಾರ್ಕ್ ಇದನ್ನು ಗಮನಿಸಿದ. ಜನ್ಮದಲ್ಲಿ ಅವನು ಗಮನ ಕೊಟ್ಟು ನೋಡಿದ್ದು ಇದೊಂದೇ ಇರಬೇಕು. ಒಂದು ದಿನ ನನ್ನನ್ನು ಬಾಗಿಲಲ್ಲೇ ತಡೆದ.

"ಅಜ್ಜಾರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕೂಸಿನ ನಕ್ಷತ್ರ ಯಾವದ್ರಿ?"

"ಯಾಕ್ರಿ, ನಿಮ್ಮ ಮನಿಗೆ ಸೊಸಿ ಮಾಡ್ಕೊಳ್ಳಾವ್ರೇನ?"

"ಚಾಷ್ಟಿ ಬ್ಯಾಡ್ರಿ. ನೀವು ಇಕಿನ ಕರ್ಕೊಂಡ ಗೇಟ್ ದಾಟೂದಕ್ಕ, ಅಲ್ಲಿ ಸರ್ವರ್ ಬೀಳೂದಕ್ಕ ಗಳಿಗಿ ಸೈತ ತಪ್ಪವಲ್ದು."

"ಮೂಲಾ ನಕ್ಷತ್ರ. ಆಮ್ಯಾಲ?"

"ಮೂಲಾ!" ಎಂದು ಅವನು ಒಳಗಿದ್ದವರ ಕಡೆ ತಿರುಗಿದ. ಕೋರ್ಟಿನಲ್ಲಿ ಕೇಸು ಗೆದ್ದವನ ಗತ್ತು. "ನಾ ಹೇಳಿದ್ನಿಲ್ಲ? ಕಾಲ್ಗುಣ!"

"ಸಾಹೇಬ್ರ, ಮಧ್ಯಾಹ್ನನೂ ಇಕಿನ್ನ ಇದ ಗೇಟಿನಿಂದನ ತರ್ತೀನಿ. ಆವಾಗ ಯಾಕ ಬೀಳಂಗಿಲ್ಲ? ಆವಾಗ ಕಾಲ್ಗುಣ ಮಕ್ಕೊಂಡಿರ್ತೈತೇನ?"

 ಉತ್ತರವಿಲ್ಲದವರಿಗೆ ನಮ್ಮಲ್ಲಿ ಅಧಿಕಾರ ಇರುತ್ತದೆ. ಕೂಸನ್ನು ಕಾರ್ಖಾನೆಯ ಒಳಗೆ ತರಕೂಡದು, ಇಷ್ಟರ ಮೇಲೂ ಸರ್ವರ್ ಬಿದ್ದರೆ ಬಾಣಂತಿ ಮನೆಯಲ್ಲಿ ಕೂಡಬೇಕು ಎಂದು ಹೇಳಿದ. ಕಟ್ಟೆಯ ಮೇಲಿದ್ದ ಭಾವಮೈದುನ ಬಾಚಣಿಗೆಯನ್ನು ಜೇಬಿಗಿಟ್ಟು ಎದ್ದು ನಿಂತ.

ಮೊದಲೆಲ್ಲ ಆ ತಣ್ಣಗಿನ ಕೋಣೆಯ ಹೊಸ್ತಿಲ ಹತ್ತಿರ ಹೋದರೆ, "ಅಜ್ಜಾರ, ಧೂಳ ಬರ್ತೈತಿ, ದೂರ ನಿಂದರ್ರಿ" ಎಂದು ನನ್ನನ್ನು ಅಟ್ಟುತ್ತಿದ್ದರು. ಅದೇ ಮಂದಿ ಈ ಮಾತಿಗೆ ಮೊದಲೇ ಒಳಗೆ ಊದುಬತ್ತಿ ಹಚ್ಚಿದ್ದರು. ಹೊಸ್ತಿಲ ಮೇಲೆ ಕಾಯಿ ಒಡೆದರು. ಪೆಟ್ಟಿಗೆಯ ನೆತ್ತಿಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಒಬ್ಬ ಡೈರೆಕ್ಟರು ಬಂದು, ಪೆಟ್ಟಿಗೆಯ ಮುಖ ದಕ್ಷಿಣಕ್ಕಿದೆ ಎಂದು ಅದನ್ನು ತಿರುಗಿಸಿ ಇಡಿಸಿದರು. ಅದು ಪೂರ್ವಕ್ಕೆ ಮುಖ ಮಾಡಿ ಬಿತ್ತು.

ಆಮೇಲೆ ಮಶಿನ್ ಮಾರಿದವರ ಎಂಜಿನಿಯರ್ ಕೊಲ್ಲಾಪುರದಿಂದ ಕಾರು ಮಾಡಿಕೊಂಡು ಬಂದ. ಕಪ್ಪು ಕನ್ನಡಕ, ಕೈಯಲ್ಲಿ ಸೂಟ್‌ಕೇಸು. ಒಳಗೆ ಹೋದವನು ಮೊದಲು ನಿಂಬೆಹಣ್ಣಿಗೆ ಕೈ ಮುಗಿದ! ಇವನ ಕೈಯಿಂದ ಏನೂ ಆಗುವುದಿಲ್ಲ ಎಂದು ನಾನು ಗಾಜಿನ ಹೊರಗೆ ನಿಂತೇ ಹೇಳಿದೆ. ಅವನು ಪೆಟ್ಟಿಗೆ ಬಿಚ್ಚಿ, ಬ್ರಶ್ಶಿನಿಂದ ಧೂಳು ಹೊಡೆದು, ಅರ್ಥಿಂಗ್ ಸರಿ ಇಲ್ಲ ಅಂದ. ಅರ್ಥಿಂಗ್ ಮಾಡಿಸಿದರು, ಬಿತ್ತು. ಕರೆಂಟು ಸರಿ ಇಲ್ಲ ಅಂದ. ದೊಡ್ಡ ಬ್ಯಾಟರಿ ತಂದಿಟ್ಟರು, ಆಗಲೂ ಬಿತ್ತು. ಮಗಳು ಅವನಿಗೆ ಒಂದು ಮಾತು ಕೇಳಿದಳು:

"ಸರ, ಹೋದ ಹಂಗಾಮಿನ್ಯಾಗ ಇದು ಒಮ್ಮೆನೂ ಬಿದ್ದಿಲ್ಲ. ದೀಪಾವಳಿಗೆ ನೀವು ಬಂದು ಟೇಪ್ ಕೂಡ್ಸಿ, ಡ್ರೈವರ್ ಹೊಸಾದ ಹಾಕಿ ಹೋದ ಮ್ಯಾಲ ಬೀಳಾಕತ್ತೈತಿ. ಹಳೇ ಡ್ರೈವರ್ ಹಾಕಿ ನೋಡೂಣ್ರಿ?"

"ಸಗಳಂ ನವೀನ ಆಹೇ, ಬಾಯಿ," ಅಂದ ಅವನು. ಎಲ್ಲ ಹೊಸದು, ಅಕ್ಕಾ ಎಂದು ಮರಾಠಿಯಲ್ಲಿ. "ಹೊಸಾದ ತಗದು ಯಾರಾರ ಹಳೇದು ಹಾಕ್ತಾರ? ಹಳೇದು ಹಾಕಿದ್ರ ಟೇಪ್ ನಡ್ಯಾಂಗಿಲ್ಲ." ಊಟ ಮಾಡಿ, ಸಕ್ಕರೆ ಚೀಲ ಕಾರಿನಲ್ಲಿಟ್ಟುಕೊಂಡು ಹೋದ. ಹೊಸದಾದ ಮಾತ್ರಕ್ಕೆ ಕೆಟ್ಟಿರಲಾರದು ಎನ್ನುವ ಇಂಥವರಿಗೆ ಹೊಸ ಕೊಡಲಿಯನ್ನೇ ಕಾಲ ಮೇಲೆ ಬೀಳಿಸಿ ತೋರಿಸಬೇಕು.

ಹೆಡ್ ಕ್ಲಾರ್ಕ್ ಬಾಗಿಲಲ್ಲಿ ತಡೆದ ಮರುದಿನದಿಂದ ಕೂಸು ಮನೆಯಲ್ಲೇ ಉಳಿಯಿತು. ಮಗಳು ಮುಂಜಾನೆ ಹಾಲು ಹಿಂಡಿ ಇಟ್ಟು ಹೋಗುತ್ತಿದ್ದಳು, ನಾವು ಒಳಲೆಯಿಂದ ಕುಡಿಸುತ್ತಿದ್ದೆವು. ನಾಲ್ಕರ ಭೋಂಗಾ ಕೇಳಿದ್ದೇ ಕೂಸು ಕತ್ತು ಹೊರಳಿಸಿ ಅವ್ವನನ್ನು ಹುಡುಕುತ್ತಿತ್ತು. ಆ ನೋಟ ನೋಡಿದರೆ ಹೆಡ್ ಕ್ಲಾರ್ಕನ ಧೋತರ ಬಿಚ್ಚಬೇಕೆನಿಸುತ್ತಿತ್ತು. ಅವನು ಪ್ಯಾಂಟು ಹಾಕುತ್ತಿದ್ದ, ಉಳಿದ.

ಆದರೆ ಕೂಸು ಮನೆಯಲ್ಲಿ ಉಳಿದದ್ದರಿಂದ ಮಗಳು ನಾಲ್ಕರ ಹೊತ್ತಿಗೆ ಮೊದಲ ಸಲ ಕೋಣೆಯಲ್ಲೇ ಕೂತಳು. ಟೇಪು ಹಚ್ಚಿದಳು. ಹೊರಗೆ ಕಾಟಾದ ಮೇಲೆ ಗಾಡಿಯ ಹಿಂದೆ ಗಾಡಿ ಏರುತ್ತಿತ್ತು. ಅವಳ ಕಣ್ಣ ಮುಂದೆಯೇ ತೆರೆ ನೀಲಿಯಾಯಿತು. ಎಲ್ಲರೂ ಓಡಿ ಬಂದು ಬಂದ್ ಮಾಡಿ ಎಬ್ಬಿಸುವ ಗಡಿಬಿಡಿ ಮಾಡಿದರು. ಅವಳು "ತಡೀರಿ" ಎಂದು ಅಡ್ಡ ನಿಂತು, ಬಿಳಿ ಅಕ್ಷರಗಳನ್ನು ಸಾಲು ಸಾಲಾಗಿ ಓದಿದಳು. ಅಷ್ಟು ದಿನ ಅದನ್ನು ಯಾರೂ ಓದಿರಲಿಲ್ಲ. ಓದು ಬರಹ ಬಲ್ಲ ಇಷ್ಟು ಮಂದಿ, ಅಕ್ಷರ ಕಂಡ ಕೂಡಲೇ ಸ್ವಿಚ್ಚಿಗೆ ಕೈ ಹಾಕುತ್ತಿದ್ದರು! ಮರುದಿನವೂ ಬಿತ್ತು. ಮರುದಿನವೂ ಅದೇ ಸಾಲಿನಲ್ಲಿ ಅದೇ ಹೆಸರಿತ್ತು.

ನಾನು ಆಫೀಸಿಗೆ ಹೋಗಿ ಹೆಡ್ ಕ್ಲಾರ್ಕನನ್ನು ಕೇಳಿದೆ. "ಕೂಸು ಮನ್ಯಾಗ ಐತಿ. ಸರ್ವರ್ ಬಿತ್ತಲ್ರಿ. ಈಗ ಏನಂತೀರಿ?"

ಅವನು ಅಡಿಕೆ ಕತ್ತರಿಸುತ್ತ, "ದೋಷ ಅನ್ನೂದು ಗೇಟ್ ಪಾಸ್ ಕೇಳಿ ಬರ್ತೈತೇನ್ರಿ? ಮನಿಯಾಗಿಂದ್ಲೂ ತಗಲ್ತೈತಿ. ಇನ್ನ ಚೇರಮನ್‌ರ ಮುಂದ ಹೇಳೂದೊಂದ ಬಾಕಿ" ಅಂದ.

ಇಂಥವನ ಕೈಯಲ್ಲಿ ನನ್ನ ಮಗಳ ಅನ್ನ ಇತ್ತು. ಕೂಸಿನ ಹೆಸರಿಗೂ ಮಸಿ ಹತ್ತಲಿತ್ತು. ಒಮ್ಮೆ ಅನಿಷ್ಟ ಎಂದು ಹೆಸರು ಬಿತ್ತೆಂದರೆ ನಮ್ಮ ಕಡೆ ಅದು ಹುಡುಗಿಯ ಮದುವೆಯ ತನಕ ಹಿಂದೆ ಬರುತ್ತದೆ. ಆಗಲೇ ಬಾವಿಯ ಹತ್ತಿರ ಹೆಂಗಸರು, "ಸಕ್ಕರಿ ಫ್ಯಾಕ್ಟರಿ ಬಂದ್ ಮಾಡಿದ ಕೂಸು" ಎಂದು ನಕ್ಕದ್ದನ್ನು ನನ್ನ ಹೆಂಡತಿ ಕೇಳಿಸಿಕೊಂಡು ಬಂದು, ಕೊಡ ಕೆಳಗಿಟ್ಟು ಅತ್ತಿದ್ದಳು.

ಮಗಳು ಅಳಲಿಲ್ಲ. ಕೂಸಿಗೆ ಹಾಲು ಕೊಡುತ್ತಾ ಕೂತವಳು ನನಗೆ ತಿಳಿಯುವ ಹಾಗೆ ಹೇಳಿದಳು.

"ಅಪ್ಪಾ, ಪೆಟ್ಟಿಗಿಯೊಳಗ ತೂಕ ಬರದ ಇಡೂ ಡಿಸ್ಕ್ ಐತಿ, ಪ್ರತಿ ತಗಿಯೂ ಟೇಪ್ ಐತಿ. ಎರಡನ್ನೂ ಒಂದ ಕಾರ್ಡ್ ನಡಸ್ತೈತಿ. ಪೆಟ್ಟಿಗಿ ಹೇಳೂ ಮಾತು ಆ ಕಾರ್ಡಿಗೆ ತಿಳೀಬೇಕಂದ್ರ ನಡಕ ಒಂದ ಸಣ್ಣ ಪ್ರೋಗ್ರಾಮ್ ಬೇಕು. ಅದಕ್ಕ ಡ್ರೈವರ್ ಅಂತಾರ. ನೀಲಿ ತೆರಿ ಮ್ಯಾಲ ಬರೂದು ಅದರದ ಹೆಸರು."

"ಅಂದ್ರ ಕಾಗವಾಡ ಸಂತ್ಯಾಗ ಮಿರಜ್ ಕಡೆ ವ್ಯಾಪಾರಿಗೂ ನಮಗೂ ನಡಕ ನಿಂತ, ಮರಾಠಿದು ಕನ್ನಡಾ, ಕನ್ನಡದ್ದು ಮರಾಠಿ ಮಾಡ್ತಾನಲ್ಲ ದಲಾಲ, ಹಂಗ?"

"ಅಗದೀ ಹಂಗ. ಒಬ್ಬರ ಮಾತಾಡಿದ್ರ ಛಲೋ ಹೇಳ್ತಾನ. ಇಬ್ಬರೂ ಕೂಡೇ ಒದರಾಕ ಹತ್ತಿದ್ರ ತೆಲಿ ಕೆಟ್ಟು, ರುಮಾಲ ಬೀಸಿ ಒಗದು ಹೊಂಟಬಿಡ್ತಾನ. ನಾಲ್ಕಕ್ಕ ಗಾಡಿನೂ ಭಾಳ, ಟೇಪೂ ನಡದಿರ್ತೈತಿ. ಇಂವಾ ಹೊಸಾ ದಲಾಲ, ಇಂವಗ ಎರಡೂ ಕೂಡಿ ತಡಕೊಳ್ಳಾಕ ಬರಂಗಿಲ್ಲ ಅಂತ ನನಗನಸ್ತೈತಿ."

"ಹಳೇ ದಲಾಲಗ?"

"ನೋಡಬೇಕು."

ಮೊದಲು ಅನುಮಾನ ಪರಿಹಾರ ಆಗಬೇಕೆಂದು ಅವಳು ಒಂದು ಉಪಾಯ ಮಾಡಿದಳು. ಅದರಲ್ಲಿ ನನಗೂ ಕೂಸಿಗೂ ಕೆಲಸ ಕೊಟ್ಟಳು! ಅವತ್ತು ಅವಳು ಟೇಪು ಹಚ್ಚಲಿಲ್ಲ. ನಾನು ಭೋಂಗಾ ಕೂಗುವ ಹೊತ್ತಿಗೆ ಸರಿಯಾಗಿ ಗೇಟು ದಾಟಿ, ಕೂಸನ್ನು ನೇರ ಹೆಡ್ ಕ್ಲಾರ್ಕನ ಮೇಜಿನ ಮೇಲೆ ಮಲಗಿಸಿ, "ತಗೋರಿ, ಕಾಲ್ಗುಣ ಬಂದೈತಿ" ಅಂದೆ. ಅವನು ಕುರ್ಚಿ ಹಿಂದೆ ಸರಿಸಿ ಎದ್ದ. ಕೂಸು ಅವನ ಪೆನ್ನು ಹಿಡಿದುಕೊಂಡಿತು. ಹೊರಗೆ ಗಾಡಿಗಳು ಏರಿದವು, ಇಳಿದವು. ಸರ್ವರ್ ಬೀಳಲಿಲ್ಲ. ಮರುದಿನ ಕಾಟಾ ತೊಳೆಯಲು ಗಾಡಿ ನಿಲ್ಲಿಸಿದಾಗ ಅವಳು ಬರೀ ಟೇಪು ನಡೆಸಿದಳು. ಆಗಲೂ ಬೀಳಲಿಲ್ಲ. ಮಾರನೆಯ ದಿನ ಎರಡೂ ಕೂಡಿ ನಡೆಸಿದಳು, ಕೂಸು ಮನೆಯಲ್ಲಿ ತೊಟ್ಟಿಲಲ್ಲಿತ್ತು. ಬಿತ್ತು.

"ಅಂದ್ರ ಕೂಸು ಬಂದ್ರ ನಿಂದರ್ತೈತಿ, ಬರದಿದ್ರ ಬೀಳ್ತೈತಿ. ಈಗ ಏನ್ರಿ?" ಎಂದು ನಾನು ಹೆಡ್ ಕ್ಲಾರ್ಕನನ್ನು ಕೇಳಿದೆ.

"ಗ್ರಹ ಬದಲಾಗ್ಯಾವ" ಅಂದ. ಆ ಮನುಷ್ಯನ ತಲೆಯಲ್ಲಿ ಕಬ್ಬು ಹಿಂಡಿ ಉಳಿದ ಬಗಾಸ ತುಂಬಿತ್ತು. ಅಲ್ಲ, ಬಗಾಸವನ್ನಾದರೂ ಬಾಯ್ಲರಿಗೆ ಹಾಕಬಹುದು.

ಇನ್ನು ಹಳೆಯ ಡ್ರೈವರ್ ಬೇಕು. ಅದು ಮಶಿನ್ ಜೊತೆ ಬಂದ ಫ್ಲಾಪಿಯಲ್ಲಿತ್ತು. ಫ್ಲಾಪಿ ಎಂದರೆ ಅಂಗೈ ಅಗಲದ ಚೌಕ ಬಿಲ್ಲೆ, ಒಂದು ಅಂಚಿನಲ್ಲಿ ಸರಿಯುವ ತಗಡಿನ ಬಾಗಿಲು. ಅದನ್ನು ಹೆಡ್ ಕ್ಲಾರ್ಕನೇ ತನ್ನ ಕಪಾಟಿನಲ್ಲಿ ಇಟ್ಟಿದ್ದ. ಮಗಳು ಕೇಳಿದಾಗ ಭಕ್ತಿಯಿಂದ ಎರಡೂ ಕೈಯಲ್ಲಿ ತಂದುಕೊಟ್ಟ. ಕೆಂಪು, ಹಳದಿ ಎರಡೂ ಬಣ್ಣ! ಖಂಡೇನವಮಿಯ ದಿನ ಕಾರ್ಖಾನೆಯ ಪಾನಾ, ಸುತ್ತಿಗೆಗಳ ಸಾಲಿನಲ್ಲಿ ಫ್ಲಾಪಿಗಳನ್ನೂ ಇಟ್ಟು ಪೂಜೆ ಮಾಡಿದ್ದರು. ಮಾಡಲಿ, ಬೇಡ ಅನ್ನುವುದಿಲ್ಲ. ನಾನೂ ನೇಗಿಲಿಗೆ ಪೂಜೆ ಮಾಡುತ್ತೇನೆ. ಆದರೆ ಈ ಜಾಣ, ಮೇಲೆ ಹಚ್ಚಿದರೆ ದೇವರಿಗೆ ಮುಟ್ಟಲಿಕ್ಕಿಲ್ಲ ಎಂದು ಆ ತಗಡಿನ ಬಾಗಿಲು ಸರಿಸಿ, ಒಳಗಿನ ಕರಿ ತಟ್ಟೆಗೇ ಬೆರಳಿನಿಂದ ಕುಂಕುಮ, ಭಂಡಾರ ಹಚ್ಚಿ, ಮೇಲೆ ಕಾಯಿಯ ನೀರು ಚಿಮುಕಿಸಿದ್ದ. ಒಂದನ್ನೂ ಬಿಟ್ಟಿರಲಿಲ್ಲ. ಅದರೊಳಗಿನದನ್ನು ಇನ್ನು ಯಾವ ಮಶಿನ್ನೂ ಓದುವಂತಿರಲಿಲ್ಲ.

ಮಗಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಪೂಜಾ ಭಾಳ ಛಂದ ಮಾಡೀರಿ ಸರ" ಅಂದಳು. ಅವನು ಹೌದು ಎಂದು ತಲೆ ಅಲ್ಲಾಡಿಸಿದ. ಸತ್ಯವಾಗಿ ಹೇಳುತ್ತೇನೆ, ಹಿಗ್ಗಿದ!

ನಿಪ್ಪಾಣಿಯ ಒಬ್ಬ ತಂಬಾಕಿನ ವ್ಯಾಪಾರಿಯ ಆಫೀಸಿನಲ್ಲಿ ಅದೇ ಮಾದರಿಯ ಪೆಟ್ಟಿಗೆ ಇತ್ತು. ಅಲ್ಲಿ ಮಗಳ ಜೊತೆ ಡಿಪ್ಲೊಮಾ ಓದಿದ ಗೆಳತಿ ಕೆಲಸ ಮಾಡುತ್ತಿದ್ದಳು. ಮಗಳು ಚೇರಮನ್‌ರ ಹತ್ತಿರ ಹೋಗಿ ಒಂದು ದಿನದ ರಜೆ ಕೇಳಿದಳು. ಚೇರಮನ್‌ರು ದೊಡ್ಡ ರುಮಾಲಿನ, ಅದಕ್ಕಿಂತ ದೊಡ್ಡ ಸಿಟ್ಟಿನ ಮನುಷ್ಯ. ಹೆಡ್ ಕ್ಲಾರ್ಕ್ ಪಕ್ಕದಲ್ಲೇ ನಿಂತು ಕಿವಿಯಲ್ಲಿ ಊದಿದ. ಅವರು ಅಂದರು: "ಹೋಗಿ ಬಾ. ನಾಡದ್ದ ನಾಲ್ಕಕ್ಕ ನನ್ನ ಕಣ್ಣ ಮುಂದ ನಡಸಿ ತೋರಸಬೇಕು. ಬೀಳದ ನಿಂತ್ರ ನೀ ಇರ್ತಿ. ನೀ ಕೈ ಹಚ್ಚಿದ ಮ್ಯಾಲನೂ ಬಿತ್ತಂದ್ರ ಕುರ್ಚಿ ಬಿಡಬೇಕು. ಹೊರಗ ರೈತರು ನನ್ನ ಅಂಗಿ ಹರಿಯೂದ ಬಾಕಿ ಐತಿ."

ನಾನು, ಮಗಳು, ಕೂಸು ಮೂವರೂ ಬಸ್ಸು ಹತ್ತಿದೆವು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಕೂಸು ಬಸ್ಸಿನ ತುಂಬ ಎಲ್ಲರ ಮುಖ ನೋಡಿ ನಕ್ಕಿತು. ಪಕ್ಕದಲ್ಲಿ ಕೂತಿದ್ದ ಭೋಜ ಊರಿನ ಮುದುಕಿ, "ಕಿತೀ ಗೋಡ! ಎಷ್ಟ ಮುದ್ದ ಐತಿ! ಯಾರ ಮ್ಯಾಲ ಹೋಗೈತಿ ಇದು?" ಎಂದು ಗಲ್ಲ ಹಿಡಿದಳು. "ನನ್ನ ಮ್ಯಾಲ" ಅಂದೆ. ಮುದುಕಿ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದಳು. ನೋಡುವ ಕಣ್ಣಿಲ್ಲದವರಿಗೆ ಏನು ಹೇಳುವುದು?

ನಿಪ್ಪಾಣಿಯಲ್ಲಿ ಇಳಿದದ್ದೇ ತಂಬಾಕಿನ ಘಾಟಿಗೆ ಕೂಸು ಸೀನಿತು, ನಾನೂ ಸೀನಿದೆ. ಗೆಳತಿ ಮಗಳನ್ನು ಅಪ್ಪಿಕೊಂಡು, ಕೂಸನ್ನು ಕಸಿದುಕೊಂಡು, ಕೆಲಸದ ಮಾತಿಗೆ ಬರಲು ತಡ ಮಾಡಿದಳು. ಬಂದ ಮೇಲೆ ಹೇಳಿದ್ದು ಇಷ್ಟು: "ನಮ್ಮದು ಒಮ್ಮೆನೂ ಬಿದ್ದಿಲ್ಲವಾ. ಆದ್ರ ನಮ್ಮಲ್ಲೆ ಟೇಪ್ ಇಲ್ಲ. ಹಳೇ ಡ್ರೈವರ್ ಮ್ಯಾಲ ಟೇಪ್ ನಡೀತೈತೋ ಇಲ್ಲೋ ನಾ ಹೇಳಾಕ ಬರಂಗಿಲ್ಲ." ಅವಳು ಫ್ಲಾಪಿಗೆ ಪ್ರತಿ ಮಾಡಿಕೊಟ್ಟಳು. ಮಗಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕೂಸಿನ ಬಟ್ಟೆಗಳ ನಡುವೆ ಇಟ್ಟುಕೊಂಡಳು.  ಟೇಪು ನಡೆಯದಿದ್ದರೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ದಿನ ಬಂತು. ಮುಂಜಾನೆ ಗಾಡಿ ಕಡಿಮೆ ಇದ್ದಾಗಲೇ ಅವಳು ಹೊಸ ಡ್ರೈವರ್ ತೆಗೆದು ಹಳೆಯದನ್ನು ಹಾಕಿದ್ದಳು. ನಾಲ್ಕಕ್ಕೆ ಸ್ವಲ್ಪ ಮೊದಲು ಚೇರಮನ್‌ರು ಬಂದರು. ಹೆಡ್ ಕ್ಲಾರ್ಕ್ ಬಂದ, ಅವನ ಹಿಂದೆ ಭಾವಮೈದುನ ಹೊಸ ಅಂಗಿ ಹಾಕಿಕೊಂಡು ಬಂದ. ನಾನು ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆ.

"ಅಜ್ಜಾರ! ಕೂಸು ಹೊರಗ!" ಅಂದ ಹೆಡ್ ಕ್ಲಾರ್ಕ್.

"ಯಾಕ? ಬಿದ್ರ ಇಕಿ ಹೆಸರ ಹೇಳಾವ್ರು ನೀವ ಅಲ್ಲೇನ? ಒಳಗ ಇರ್ಲಿ. ಎಲ್ಲಾರೂ ನೋಡ್ರಿ."

ಚೇರಮನ್‌ರು "ಇರ್ಲಿ ಬಿಡ" ಅಂದರು.

ಭೋಂಗಾ ಕೂಗಿತು. ಮಗಳು ಟೇಪು ಹಚ್ಚಿದಳು. ಕಿಟಕಿಯಾಚೆ ಕಾಟಾದ ಮೇಲೆ ಗಾಡಿ ಏರಿತು. ಅದರ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಇನ್ನೊಂದು. ಟೇಪು ಗುಂಯ್ ಅನ್ನುತ್ತ ತಿರುಗಿತು. ನಡೆಯಿತು! ನಡೆಯಿತು, ಆದರೆ ಮುಗಿಯಬೇಕಲ್ಲ?  ಮಗಳ ಕಣ್ಣು ತೆರೆಯ ಮೇಲೆ, ಹೆಡ್ ಕ್ಲಾರ್ಕನ ಕಣ್ಣು ನನ್ನ ಕೂಸಿನ ಮೇಲೆ. ನಡುವೆ ಟೇಪು ಗಕ್ಕನೆ ನಿಂತಿತು.  ಭಾವಮೈದುನ ಒಂದು ಹೆಜ್ಜೆ ಮುಂದೆ ಬಂದ. ಮಗಳು ಕೈ ಎತ್ತಿ ತಡೆದಳು. ಟೇಪು ಮಗ್ಗುಲು ಬದಲಿಸಿ ಮತ್ತೆ ತಿರುಗತೊಡಗಿತು. ಗಾಡಿಗಳು ಏರುತ್ತಲೇ ಇದ್ದವು. ಕೊನೆಗೆ ಟೇಪಿನ ಡಬ್ಬಿ ಕಟಕ್ ಎಂದು ಹೊರಗೆ ಬಂತು. ತೆರೆ ಹೇಗಿತ್ತೋ ಹಾಗೇ ಇತ್ತು. ಆಮೇಲೆ ಎರಡನೆಯ ಸಲ ನಡೆಸಲು ಚೇರಮನ್‌ರೇ ಹೇಳಿದರು. ಎರಡನೆಯ ಸಲವೂ ಬೀಳಲಿಲ್ಲ.

ಇನ್ನಾದರೂ ಹೆಡ್ ಕ್ಲಾರ್ಕ್ ಬಾಯಿ ಮುಚ್ಚುತ್ತಾನೆ ಅಂದುಕೊಂಡೆ. ನನ್ನದೇ ದಡ್ಡತನ.

"ನೋಡ್ರಿ ಚೇರಮನ್‌ರ," ಎಂದು ಅವನು ಕೈ ಜೋಡಿಸಿದ. "ಇದ ಕೂಸು ಇವತ್ತ ಒಳಗ ಬಂತು, ಸರ್ವರ್ ಬೀಳ್ಲಿಲ್ಲ. ಕಾಲ್ಗುಣ ಅಂದ್ರ ಇದು! ಸಾಕ್ಷಾತ್ ಲಕ್ಷ್ಮಿ!" ಎಂದು ಕೂಸಿನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಬಂದ. ಕೂಸು ಬುದ್ಧಿವಂತೆ, ಮೂಗಿಗೆ ಒದ್ದಳು.

ಚೇರಮನ್‌ರಿಗೂ ಆ ಮಾತು ಹಿಡಿಸಿತು. ಮುಂದಿನ ಹಂಗಾಮಿನ ಬಾಯ್ಲರ್ ಪೂಜೆಗೆ ಕೂಸನ್ನು ತರಬೇಕು, ಹೂವಿನ ಕುರ್ಚಿಯಲ್ಲಿ ಕೂಡಿಸಿ ಅದರ ಕೈಯಿಂದಲೇ ಮೊದಲ ಕಬ್ಬು ಹಾಕಿಸೋಣ ಅಂದರು. ನನಗೂ ಒಂದು ಕುರ್ಚಿ ಕೊಡುತ್ತಾರಂತೆ, ರುಮಾಲು ಕಟ್ಟುತ್ತಾರಂತೆ. ಮೊಮ್ಮಗಳ ಹೆಸರಿನಲ್ಲಿ ಬರುವ ಮರ್ಯಾದೆ, ಯಾವ ಅಜ್ಜನಿಗೆ ಬೇಡ? ನನಗೆ ಬೇಡವಾಗಿತ್ತು.

"ಚೇರಮನ್‌ರ, ನಿನ್ನಿತನಕ ಇಕಿ ಅನಿಷ್ಟ, ಇವತ್ತ ಲಕ್ಷ್ಮಿ. ನಾಳೆ ಬಾಯ್ಲರ್ ಒಡದ್ರ ಮತ್ತ ಅನಿಷ್ಟ ಆಗ್ತಾಳ. ಇಕಿ ಕಾಲಿಗೆ ಗುಣಾನೂ ಇಲ್ಲ, ದೋಷಾನೂ ಇಲ್ಲ. ಇದನ್ನ ಬೀಳದಂಗ ನಿಂದರಿಸಿದಾಕಿ ನಿಮ್ಮ ಮುಂದ ಕುಂತಾಳ. ಕುರ್ಚಿ ಕೊಡೂದಿದ್ರ ಅಕಿ ಕುಂತಿದ್ದ ಕುರ್ಚಿ ಅಕಿಗೆ ಕೊಡ್ರಿ. ನಮ್ಮ ಕೂಸಿಗೆ ತೊಟ್ಟಲಾ ಐತಿ."

ಕೋಣೆ ತಣ್ಣಗಾಯಿತು, ಮೊದಲೇ ತಣ್ಣಗಿತ್ತು, ಇನ್ನೂ ಆಯಿತು. ಚೇರಮನ್‌ರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಹೆಡ್ ಕ್ಲಾರ್ಕನ ಕಡೆ ತಿರುಗಿ, "ಈ ಬಾಯಾರ ಕಾಯಂ ಹುಕುಮ್ ತಯಾರ ಮಾಡ. ಮನಿಗೆ ಹೋಗೂಕಿಂತ ಮೊದಲ ಸಹಿ ಮಾಡ್ತೀನಿ" ಅಂದರು.

"ಹೌದ್ರಿ. ಆದ್ರ ಪೂಜಾದಿನ ಕೂಸು..."

ಅಷ್ಟರಲ್ಲಿ ಮಗಳು ಕುರ್ಚಿ ತಿರುಗಿಸಿದಳು. ಹೊರಗೆ ಕಾಟಾದ ಮುಂದೆ ಸಾಲು ಬೆಳೆದಿತ್ತು, ಎತ್ತಿನ ಗಂಟೆಗಳು ಕೇಳುತ್ತಿದ್ದವು.

"ಎಲ್ಲಾರೂ ಹೊರಗ ನಡೀರಿ. ನನಗ ಕೆಲಸ ಐತಿ" ಅಂದಳು. "ಯಪ್ಪಾ, ನೀನೂ. ಕೂಸು ಹೊದಿಕಿ ತೊಯಿಸೈತಿ ನೋಡ, ಬದಲಿ ಮಾಡ."

ಚೇರಮನ್‌ರು ಮೊದಲು ಎದ್ದರು. ಅವರ ಹಿಂದೆ ಹೆಡ್ ಕ್ಲಾರ್ಕ್, ಮೂಗು ತಿಕ್ಕಿಕೊಳ್ಳುತ್ತ. ಭಾವಮೈದುನ ಬಾಗಿಲು ಎಳೆಯಬೇಕೋ ನೂಕಬೇಕೋ ತಿಳಿಯದೆ ಗಾಜಿಗೆ ಹಣೆ ಬಡಿದುಕೊಂಡ. ನಾನು ಎಲ್ಲರಿಗಿಂತ ಕೊನೆಗೆ, ತೊಯ್ದ ಧೋತರದಲ್ಲೇ, ಇಡೀ ಆಫೀಸಿನ ನಡುವೆ ನಿಧಾನವಾಗಿ ನಡೆದು ಹೊರಗೆ ಬಂದೆ. ಅಷ್ಟು ಗತ್ತಿನಿಂದ ನಾನು ನನ್ನ ಮದುವೆಯ ಮೆರವಣಿಗೆಯಲ್ಲೂ ನಡೆದಿರಲಿಲ್ಲ.